ಹಾಜರಿ ಪುಸ್ತಕದ ಹೊರಗಿನ ಹೆಸರುಗಳು

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ರಿಟೈರ್ ಆದಮ್ಯಾಲೆ ನೀವು ಕನ್ಸಲ್ಟಂಟ್ ಆಗಿದ್ರಂತ. ಅಂದ್ರ ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದ. "ಹಾಜರಿ ಪುಸ್ತಕ ಓದೂ ಕೆಲಸ" ಎಂದೆ. ಅವನು ನಕ್ಕ. ಮೂವತ್ತಾರು ವರ್ಷ ಹಾಜರಿ ಕರೆದ ಮಾಸ್ತರರು ನಿವೃತ್ತಿಯ ಮೇಲೂ ಅದನ್ನೇ ಮಾಡಿದರೆಂದರೆ ಯಾರಿಗಾದರೂ ನಗು ಬರುವುದು ಸಹಜ. ಆದರೆ ನಾನು ತಮಾಷೆಗೆ ಹೇಳಿರಲಿಲ್ಲ. 2012ರಲ್ಲಿ ನಿವೃತ್ತನಾದ ಮೇಲೆ ಸುಮಾರು ಏಳು ವರ್ಷ ಸಮನ್ವಯ ಶಿಕ್ಷಣ ಮತ್ತು ಮಕ್ಕಳ ರಕ್ಷಣೆಯ ತರಬೇತಿಗಳಿಗೆ ಸಲಹೆಗಾರನಾಗಿ ಉತ್ತರ ಕರ್ನಾಟಕದ ಹಳ್ಳಿ ಶಾಲೆಗಳನ್ನು ಸುತ್ತಿದೆ. ಎಲ್ಲಿ ಹೋದರೂ ಮೊದಲು ಕೇಳುತ್ತಿದ್ದುದು ಹಾಜರಿ ಪುಸ್ತಕವನ್ನು. ಯಾವ ಮಗುವಿನ ಹೆಸರು ಅದರಲ್ಲಿ ಇದೆ, ಯಾವುದು ಇಲ್ಲ, ಯಾವುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ ಎಂಬುದರಲ್ಲಿ ನಮ್ಮ ನಾಡಿನ ಶಿಕ್ಷಣದ ಚರಿತ್ರೆಯೇ ಅಡಗಿದೆಯೆಂದು ನನಗೆ ಕ್ರಮೇಣ ಮನವರಿಕೆಯಾಯಿತು. ಅಂದು ಅವನಿಗೆ ಚಹಾ ಕುಡಿಯುವಷ್ಟರಲ್ಲಿ ಹೇಳಲಾಗದೆ ಹೋದುದನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈ ಚರಿತ್ರೆಯನ್ನು ನಮ್ಮ ಧಾರವಾಡದಿಂದಲೇ ಆರಂಭಿಸಬಹುದು. ಆಗ ಧಾರವಾಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1856ರ ಜೂನ್ ತಿಂಗಳಲ್ಲಿ ಮಹಾರ್ ಸಮುದಾಯದ ಒಬ್ಬ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಧಾರವಾಡದ ಸರ್ಕಾರಿ ಶಾಲೆಯಲ್ಲಿ ಶುಲ್ಕ ಕೊಟ್ಟು ಓದಲು ಸಿದ್ಧನಿದ್ದರೂ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲವೆಂಬುದು ಅವನ ದೂರು. ಸರ್ಕಾರ ಯೋಚಿಸಿತು. ನ್ಯಾಯವು ಹುಡುಗನ ಕಡೆಗಿದೆಯೆಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರೆಲ್ಲ ಶಾಲೆ ಬಿಟ್ಟಾರು, ಆಗ ಶಾಲೆಯೇ ನಿರುಪಯುಕ್ತವಾದೀತು ಎಂಬ ಭಯದಿಂದ ಹಿಂದೆಗೆಯಿತು. ಭಾರತ ಸರ್ಕಾರವು ಈ ನಿಲುವನ್ನು ಒಪ್ಪಲಿಲ್ಲ. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯೂ ಎತ್ತಿ ಹಿಡಿಯಿತು. ತತ್ತ್ವ ಗೆದ್ದಿತು, ಆದರೆ ಶಾಲೆಗಳು ಅದರಂತೆ ನಡೆಯಲಿಲ್ಲ. 1882ರ ಹಂಟರ್ ಆಯೋಗವು ಆ ತತ್ತ್ವವನ್ನು ಮತ್ತೆ ಒಪ್ಪಿಕೊಂಡು, ಅದರ ಜೊತೆಯಲ್ಲಿಯೇ ಕೆಳವರ್ಗದವರೆನಿಸಿಕೊಂಡ ಮಕ್ಕಳಿಗೆ ಬೇರೆ ಶಾಲೆಗಳನ್ನು ತೆರೆಯುವ ದಾರಿಯನ್ನೂ ಸೂಚಿಸಿತು. ಆ ಹುಡುಗನನ್ನು ಚರಿತ್ರೆಯ ಪುಸ್ತಕಗಳು 'ಧಾರವಾಡದ ಮಹಾರ್ ಹುಡುಗ' ಎಂದೇ ಕರೆಯುತ್ತವೆ. ಡಾ. ಅಂಬೇಡ್ಕರ್ ಅವರು ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ಎತ್ತಿ ಆಡಿರುವುದನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು.

'ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬಿಡುತ್ತಾರೆ' ಎಂಬ ಮಾತನ್ನು ನೀವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಮತ್ತೆ ಬರುತ್ತದೆ.

ಇನ್ನೊಂದು ಬಗೆಯ ಮಕ್ಕಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನು ಶಾಲೆಯು ಹೊರಗೆ ಹಾಕುವ ಪ್ರಶ್ನೆಯೇ ಇರಲಿಲ್ಲ. ಅವರು ಶಾಲೆಗೆ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಭಾರತದಲ್ಲಿ ಅಂಧ ಮಕ್ಕಳಿಗಾಗಿ ಮೊದಲ ಶಾಲೆಯನ್ನು 1887ರಲ್ಲಿ ಆನಿ ಶಾರ್ಪ್ ಎಂಬ ಮಿಷನರಿ ಮಹಿಳೆ ಅಮೃತಸರದಲ್ಲಿ ತೆರೆದರು. ನಮ್ಮ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿ ಆರಂಭವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನಂತೂ ನಮ್ಮ ಭಾಗದವರಿಗೆ ಪರಿಚಯಿಸಬೇಕಾಗಿಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮತ್ತು ಅನಾಥ ಮಕ್ಕಳಿಗೆ ಅಲ್ಲಿ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಇಂತಹ ಸಂಸ್ಥೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಬೇರೆ ಯಾರೂ ಬಾಗಿಲು ತೆರೆಯದಿದ್ದ ಕಾಲದಲ್ಲಿ ತೆರೆದವರು ಅವರು. ಆದರೆ ಅವರು ಇದ್ದಾರೆಂಬ ಕಾರಣದಿಂದಲೇ ನಾವು, ಅಂದರೆ ಊರ ಶಾಲೆಯ ಶಿಕ್ಷಕರು, 'ಅಂಥ ಮಕ್ಕಳಿಗೆ ಬೇರೆ ಜಾಗವಿದೆ' ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭವಾಯಿತು.

ಎಲ್ಲ ಮಕ್ಕಳೂ ಓದಲೇಬೇಕೆಂಬ ಮಾತು ಕಾನೂನಿನ ಭಾಷೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದು ಮರುವರ್ಷ ಬಿದ್ದುಹೋಯಿತು. ಮೈಸೂರು ಸಂಸ್ಥಾನವು ಮಾತ್ರ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿಯೇ, ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದಿತು. 1915ರ ಸುಮಾರಿಗೆ ಸರ್ಕಾರಿ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂದು ಅಲ್ಲಿ ಆದೇಶವೂ ಆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ವಿಧಿಯು, ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶನ ನೀಡಿತು. ಏಕೀಕರಣದ ಬಳಿಕ ನಮ್ಮ ರಾಜ್ಯದಲ್ಲಿ 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಕೊಠಾರಿ ಆಯೋಗವು (1964-66) ಅಂಗವಿಕಲ ಮಕ್ಕಳ ಶಿಕ್ಷಣವು ಸಾಮಾನ್ಯ ಶಿಕ್ಷಣ ವ್ಯವಸ್ಥೆಯ ಬೇರ್ಪಡಿಸಲಾಗದ ಭಾಗವಾಗಿರಬೇಕೆಂದು ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರವು ಅಂತಹ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಯೋಜನೆಯೊಂದನ್ನೂ ಆರಂಭಿಸಿತು.

ನಾನು ಕೆಲಸಕ್ಕೆ ಸೇರಿದ್ದು 1976ರಲ್ಲಿ. ಆ ಯೋಜನೆ ಆಗಲೇ ಎರಡು ವರ್ಷ ಹಳೆಯದಾಗಿತ್ತು. ಅದರ ಹೆಸರನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಬಳಿಕ. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಈಗ ಹೇಳಬೇಕಾದ ಸಂಗತಿಗೆ ಹಿನ್ನೆಲೆಯೆಂದು ಹೇಳುತ್ತಿದ್ದೇನೆ.

1983ರಲ್ಲಿ ನನ್ನ ನಾಲ್ಕನೆಯ ತರಗತಿಯಲ್ಲಿ ಎತ್ತರದ ಹುಡುಗನೊಬ್ಬನಿದ್ದ. ಎತ್ತರವೆಂಬ ಕಾರಣಕ್ಕೆ ಅವನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಕರೆದರೆ ಓಗೊಡುತ್ತಿರಲಿಲ್ಲ. ಉಕ್ತಲೇಖನದಲ್ಲಿ ಅರ್ಧ ಸಾಲು ಬರೆದು ಸುಮ್ಮನೆ ಕೂರುತ್ತಿದ್ದ. ಅವನ ಕಿವಿ ಸೋರುತ್ತಿದ್ದುದನ್ನು ನಾನು ಕಂಡಿದ್ದೆ. ಹಳ್ಳಿಯಲ್ಲಿ ಅಂಥ ಮಕ್ಕಳು ಹತ್ತಾರು ಇರುತ್ತಿದ್ದರು, ಅದನ್ನು ಯಾರೂ ಕಾಯಿಲೆಯೆಂದು ಎಣಿಸುತ್ತಿರಲಿಲ್ಲ. ಅವನು ಉದ್ಧಟನೆಂದು ನಾನು ತೀರ್ಮಾನಿಸಿದೆ. ಒಂದು ದಿನ ಮೂರು ಸಲ ಹೆಸರು ಕರೆದರೂ ಎದ್ದು ನಿಲ್ಲದಿದ್ದಾಗ ಹತ್ತಿರ ಹೋಗಿ ಕಪಾಳಕ್ಕೆ ಹೊಡೆದೆ. ಮರುದಿನದಿಂದ ಅವನು ಬರಲಿಲ್ಲ. ಕೆಲವು ವಾರ ಕಾದು, ನಿಯಮದಂತೆ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಮನೆಗೆ ಹೋಗಿ ಕೇಳಲಿಲ್ಲ. ಆ ದಿನಗಳಲ್ಲಿ ನಾನು ಒಳ್ಳೆಯ ಶಿಕ್ಷಕನೆಂದು ಹೆಸರು ಗಳಿಸಿದ್ದೆ.

1996ರಲ್ಲಿ ಪೇಟೆಯ ಧಾನ್ಯದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲನೊಬ್ಬ ಚೀಲ ಇಳಿಸಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತಾಯಿತು. ಏನಪ್ಪಾ ಹೇಗಿದ್ದೀ ಎಂದು ಕೇಳಿದೆ. ಅವನು ತಲೆ ಬಾಗಿಸಿ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, "ಸ್ವಲ್ಪ ಜೋರ ಹೇಳ್ರಿ ಸರ್, ಸಣ್ಣಾಂವ ಇದ್ದಾಗಿಂದ ನನಗ ಕಿವಿ ಕೇಳಂಗಿಲ್ಲ" ಎಂದ. ಅಷ್ಟೇ ನಡೆದದ್ದು. ಅವನು ನನ್ನನ್ನು ದೂರಲಿಲ್ಲ. ಹೊಡೆತದ ನೆನಪು ಅವನಿಗೆ ಇತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಆ ಹುಡುಗನನ್ನು ಮುಂದಿನ ಸಾಲಿಗೆ ಕರೆದು ಕೂರಿಸಲು ಸರ್ಕಾರದ ಯಾವ ಯೋಜನೆಯೂ ನನಗೆ ಬೇಕಾಗಿರಲಿಲ್ಲ. ನಿವೃತ್ತಿಯ ಮೇಲೆ ಸಲಹೆಗಾರನ ಕೆಲಸಕ್ಕೆ ಕರೆ ಬಂದಾಗ ನಾನು ಎರಡು ಮಾತಿಲ್ಲದೆ ಒಪ್ಪಿಕೊಂಡದ್ದಕ್ಕೆ ಇದೇ ಕಾರಣ. ನನ್ನ ಮಕ್ಕಳಿಗೂ ಇದನ್ನು ಈವರೆಗೆ ಹೇಳಿರಲಿಲ್ಲ.

ನಾನು ಅವನನ್ನು ಮಾರುಕಟ್ಟೆಯಲ್ಲಿ ಕಂಡ ಕಾಲಕ್ಕೆ ಜಗತ್ತಿನ ಆಲೋಚನೆ ಬದಲಾಗುತ್ತಿತ್ತು. 1994ರ ಜೂನ್‌ನಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ 92 ಸರ್ಕಾರಗಳ ಮತ್ತು 25 ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಗಳು ಎಲ್ಲ ಬಗೆಯ ಮಕ್ಕಳನ್ನೂ ಒಳಗೊಳ್ಳಬೇಕೆಂದು ಘೋಷಿಸಿದರು. ಭಾರತದಲ್ಲಿ 1995ರಲ್ಲಿ ಅಂಗವಿಕಲರ ಕಾಯಿದೆ ಬಂದಿತು. 2002ರ 86ನೆಯ ತಿದ್ದುಪಡಿಯು ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. 2009ರಲ್ಲಿ ಅಂಗೀಕಾರವಾದ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮಲ್ಲಿ ಹಳೆಯ ಮತ್ತು ಹೊಸ ಎರಡೂ ಪದ್ಧತಿಗಳಿಗೆ 'ಸಮನ್ವಯ ಶಿಕ್ಷಣ' ಎಂಬ ಒಂದೇ ಮಾತು ಬಳಕೆಯಾಗಿದೆ. ಆದರೆ ಅರ್ಥದಲ್ಲಿ ವ್ಯತ್ಯಾಸವಿದೆ. ಹಳೆಯ ಪದ್ಧತಿಯಲ್ಲಿ ಮಗುವನ್ನು ಶಾಲೆಗೆ ತಕ್ಕಂತೆ ಸಿದ್ಧಪಡಿಸಬೇಕಿತ್ತು. ಸಿದ್ಧವಾಗದ ಮಗು ಹಿಂದಿರುಗಬೇಕಿತ್ತು. ಹೊಸ ಪದ್ಧತಿಯಲ್ಲಿ ಮಗುವಿಗೆ ತಕ್ಕಂತೆ ಶಾಲೆಯೇ ಸಿದ್ಧವಾಗಬೇಕು. ತರಬೇತಿಗಳಲ್ಲಿ ಇದನ್ನು ಇಳಿಜಾರಿನ ಉದಾಹರಣೆಯಿಂದ ಹೇಳುತ್ತಿದ್ದೆ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು. ನಾನು ನೋಡಿದ ಎಷ್ಟೋ ಶಾಲೆಗಳಲ್ಲಿ ಎರಡು ಅಡಿ ಎತ್ತರಕ್ಕೆ ಆರೇಳು ಅಡಿ ಉದ್ದದ ಇಳಿಜಾರು ಕಟ್ಟಿ, ಪಕ್ಕದ ಗೋಡೆಗೆ ಬಣ್ಣ ಬಳಿದಿದ್ದರು. ಅದರ ಮೇಲೆ ಊರ ಮಕ್ಕಳು ಜಾರುಬಂಡಿ ಆಡುತ್ತಿದ್ದರು. ಕಡತದಲ್ಲಿ ಶಾಲೆ ಸಿದ್ಧವಾಗಿತ್ತು, ಗಾಲಿಕುರ್ಚಿಯ ಮಗುವಿಗೆ ಮಾತ್ರ ಏರಲಾಗುತ್ತಿರಲಿಲ್ಲ.

ಈಗ ಮಕ್ಕಳ ರಕ್ಷಣೆಯ ಕಡೆಗೆ ಬರೋಣ. ಇದು ಬೇರೊಂದು ಇಲಾಖೆಯ, ಬೇರೊಂದು ಕಾಯಿದೆಯ ವಿಷಯವೆಂದು ನಾನೂ ಮೊದಲು ಭಾವಿಸಿದ್ದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಸಿದ್ಧವಾಯಿತು. ಭಾರತ ಅದನ್ನು 1992ರ ಡಿಸೆಂಬರ್‌ನಲ್ಲಿ ಒಪ್ಪಿತು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದೇಶಕ್ಕೆಲ್ಲ ಹಬ್ಬಿತು. 2000 ಮತ್ತು 2015ರ ಬಾಲನ್ಯಾಯ ಕಾಯಿದೆಗಳು ಮಕ್ಕಳ ಕಲ್ಯಾಣ ಸಮಿತಿಗಳಿಗೆ ಅಧಿಕಾರ ಕೊಟ್ಟವು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನವು ಅನೇಕರ ಕಣ್ಣು ತೆರೆಸಿತು. ಶಾಲೆಗೆ ಹೋಗುವ ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ಶಾಲೆಯಲ್ಲಿ ಏಟು ತಿಂದಿದ್ದಾಗಿ ಹೇಳಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಹೇಳಿಕೊಂಡಿದ್ದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು.

ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2012ರ ನವೆಂಬರ್ 14ರಂದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆ ಜಾರಿಗೆ ಬಂದಿತು. ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹವೆಂದು ಅದು ಹೇಳುತ್ತದೆ. ತರಬೇತಿಗಳಲ್ಲಿ ಶಿಕ್ಷಕರು ಈ ಮಾತು ಕೇಳಿ ಅಂಜುತ್ತಿದ್ದರು. ತಾವೇ ವಿಚಾರಣೆ ನಡೆಸಬೇಕೇನೋ, ಸಾಕ್ಷಿ ಹುಡುಕಬೇಕೇನೋ ಎಂಬುದು ಅವರ ಭಯ. ಹಾಗೇನೂ ಇಲ್ಲ. ಮಗು ಹೇಳಿದ್ದನ್ನು ಶಾಂತವಾಗಿ ಕೇಳುವುದು, ನಂಬುವುದು, ಅದರ ಬಾಯಿಂದ ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಹೇಳಿಸದಿರುವುದು, ಹೆಸರನ್ನು ಗುಟ್ಟಾಗಿಡುವುದು, ತಡಮಾಡದೆ ತಿಳಿಸುವುದು, ಇಷ್ಟೇ ಶಿಕ್ಷಕನ ಪಾಲಿನ ಕೆಲಸ. 'ಶಾಲೆಯ ಮರ್ಯಾದೆ ಹೋಗುತ್ತದೆ, ಊರ ಹಿರಿಯರನ್ನು ಕೂಡಿಸಿ ಬಗೆಹರಿಸೋಣ' ಎಂಬ ನಮ್ಮ ಹಳೆಯ ರೂಢಿಗೆ ಇಲ್ಲಿ ಎಡೆಯಿಲ್ಲ.

ಶಿಕ್ಷಣ ಮತ್ತು ರಕ್ಷಣೆ ಬೇರೆ ಬೇರೆ ವಿಷಯಗಳಲ್ಲವೆಂಬುದನ್ನು ನನಗೆ ಕಲಿಸಿದ್ದು ಮತ್ತೆ ಹಾಜರಿ ಪುಸ್ತಕವೇ. 2013ರಲ್ಲಿ ಕರ್ನಾಟಕ ಹೈಕೋರ್ಟು ಪತ್ರಿಕಾ ವರದಿಯ ಆಧಾರದ ಮೇಲೆ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ ನಮ್ಮ ರಾಜ್ಯದಲ್ಲಿ ಅರವತ್ತು ದಿನ ಗೈರುಹಾಜರಾದ ಮಗುವನ್ನು ಮಾತ್ರ ಶಾಲೆ ಬಿಟ್ಟ ಮಗುವೆಂದು ಎಣಿಸಲಾಗುತ್ತಿತ್ತು. ಆ ಪ್ರಕರಣದ ಬಳಿಕ ಈ ಅವಧಿಯನ್ನು ಏಳು ದಿನಕ್ಕೆ ಇಳಿಸಲಾಯಿತು. ಕೇಳಲು ಇದು ಗುಮಾಸ್ತರ ಲೆಕ್ಕದಂತೆ ತೋರಬಹುದು. ಆದರೆ ಅರವತ್ತು ದಿನವೆಂದರೆ ಏನೆಂದು ಯೋಚಿಸಿ. ಅಷ್ಟರಲ್ಲಿ ಹನ್ನೆರಡು ವರ್ಷದ ಹುಡುಗಿಯ ಮದುವೆ ಮುಗಿದು ಅವಳು ಬೇರೊಂದು ಜಿಲ್ಲೆಯಲ್ಲಿರಬಹುದು. ಹುಡುಗನೊಬ್ಬ ಮುಂಗಡದ ಹಣಕ್ಕೆ ಕಬ್ಬಿನ ಗ್ಯಾಂಗಿನ ಜೊತೆಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಅಥವಾ ಗೋವಾದ ಯಾವುದೋ ಹೋಟೆಲಿನಲ್ಲಿರಬಹುದು. ಮನೆಯಲ್ಲಿ ಹೇಳಬಾರದ ಕಷ್ಟವನ್ನು ಅನುಭವಿಸುತ್ತಿರುವ ಮಗು ಎರಡು ತಿಂಗಳು ಯಾರ ಕಣ್ಣಿಗೂ ಬೀಳದೆ ಇರಬಹುದು. ಏಳನೆಯ ದಿನ ಶಿಕ್ಷಕ ಮನೆಯ ಬಾಗಿಲು ತಟ್ಟಿದರೆ ಇವುಗಳಲ್ಲಿ ಎಷ್ಟೋ ತಪ್ಪುತ್ತವೆ. ನನ್ನ ಆ ಎತ್ತರದ ಹುಡುಗನ ಮನೆಗೆ ಏಳನೆಯ ದಿನ ನಾನು ಹೋಗಿದ್ದರೆ, ಅವನ ತಾಯಿಯೇ ಕಿವಿಯ ಸಂಗತಿ ಹೇಳುತ್ತಿದ್ದಳು.

ಆದರೆ ಹಾಜರಿ ಪುಸ್ತಕ ಸುಳ್ಳನ್ನೂ ಹೇಳಬಲ್ಲದು. ಅದನ್ನು ಕಂಡ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ.

ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು ತೀವ್ರ ಮತ್ತು ಬಹುವಿಧ ವೈಕಲ್ಯವುಳ್ಳ ಮಕ್ಕಳು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದೆಂದು ಹೇಳುತ್ತದೆ. ಮಗುವಿನ ಹೆಸರು ಊರ ಶಾಲೆಯ ಪುಸ್ತಕದಲ್ಲಿರುತ್ತದೆ. ಶಿಕ್ಷಕರು ಮನೆಗೆ ಹೋಗಿ ಕಲಿಸಬೇಕು. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಇದು ನಿಜವಾದ ಆಸರೆ. 2014ರ ಮಳೆಗಾಲದಲ್ಲಿ ನಾನೊಂದು ಶಾಲೆಯ ಪುಸ್ತಕದಲ್ಲಿ ಅಂತಹ ಹೆಣ್ಣುಮಗುವೊಂದರ ಹೆಸರು ಕಂಡೆ. ಹನ್ನೊಂದು ವರ್ಷ, ಮೆದುಳಿನ ಪಾರ್ಶ್ವವಾಯು. ವರ್ಷವಿಡೀ ಹಾಜರಿ ತುಂಬಿತ್ತು. ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕರೆದುಕೊಂಡು ಮನೆಗೆ ಹೋದೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗೆ ಮಗುವಿತ್ತು. ಕಿಟಕಿಯಿಂದ ನಮ್ಮನ್ನು ನೋಡಿ ನಕ್ಕಿತು.

ಸಂಜೆ ಐದರವರೆಗೆ ಕಟ್ಟೆಯ ಮೇಲೆ ಕುಳಿತೆವು. ತಾಯಿ ಕಳೆ ತೆಗೆಯುವ ಕೂಲಿಯಿಂದ ಬಂದಳು. ನಮ್ಮನ್ನು ಕಂಡು ಗಾಬರಿಯಾದಳು. "ಹೆದರಬ್ಯಾಡ ತಂಗಿ, ಬಯ್ಯಾಕ ಬಂದಿಲ್ಲ" ಎಂದೆ. ಅವಳು ಅಳುತ್ತಲೇ ಹೇಳಿದಳು: "ಬಾಗಿಲಾ ತೆಗದಿಟ್ಟು ಹೋದ್ರ ಯಾರು ಬರ್ತಾರೋ ಏನೋ ಅಂತ ಜೀವ ಹೊಡಕೋತೈತ್ರಿ ಸರ್. ಹೆಣ್ಣಕೂಸು. ಕೂಗಾಕ ಬರಂಗಿಲ್ಲ ಅದಕ್ಕ. ಕೂಲಿ ಬಿಟ್ಟು ಕುಂತ್ರ ಹೊಟ್ಟಿಗೇನ ಹಾಕ್ಲಿ?" ಆ ಬೀಗವನ್ನು ತಾಯಿ ಮಗುವಿನ ರಕ್ಷಣೆಗೆಂದೇ ಹಾಕಿದ್ದಳು. ಅವಳನ್ನು ದೂರುವ ಅರ್ಹತೆ ನಮ್ಮಲ್ಲಿ ಯಾರಿಗಿತ್ತು? ಮನೆಗೆ ಹೋಗಿ ಕಲಿಸಬೇಕಾದ ಶಿಕ್ಷಕರ ಪಾಲಿಗೆ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು; ಅವರು ಬರುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ದಿನಗಳ ಹಾಜರಿಯನ್ನು ಶಾಲೆಯು ತಾನೇ ತುಂಬಿಕೊಳ್ಳುತ್ತಿತ್ತು. ಆ ಮಗು ಪುಸ್ತಕದಲ್ಲಿ ದಿನವೂ ಹಾಜರಿದ್ದುದರಿಂದಲೇ ಅದು ಎಲ್ಲಿದೆಯೆಂದು ಯಾರೂ ಕೇಳಿರಲಿಲ್ಲ.

ಆ ಮಗುವಿಗೆ ಬೇಕಾಗಿದ್ದುದು ಗೃಹಾಧಾರಿತ ಶಿಕ್ಷಣವಲ್ಲವೆಂಬುದು ಅರ್ಧ ಗಂಟೆ ಜೊತೆಯಲ್ಲಿ ಕುಳಿತವರಿಗೆ ತಿಳಿಯುತ್ತಿತ್ತು. ಮಾತು ತೊದಲಿದರೂ ಹೇಳಿದ್ದೆಲ್ಲ ಅದಕ್ಕೆ ಅರ್ಥವಾಗುತ್ತಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಸಿದೆವು. ಅಲ್ಲಿ ಒಬ್ಬ ಸದಸ್ಯರು ಎದ್ದು, "ಅದನ್ನ ತಂದು ಕುಂದ್ರಿಸಿದ್ರ ಬ್ಯಾರೆ ಹುಡುಗರ ಪಾಠಕ್ಕ ಅಡ್ಡಿ ಆಗ್ತೈತ್ರಿ. ಮಂದಿ ತಮ್ಮ ಹುಡುಗರನ್ನ ಕಾನ್ವೆಂಟಿಗೆ ಹಾಕ್ತಾರ" ಎಂದರು. 1856ರ ಮಾತು ನಿಮಗೆ ನೆನಪಿರಬೇಕು. ನೂರ ಐವತ್ತೆಂಟು ವರ್ಷಗಳ ಬಳಿಕ ನಾನು ಅದನ್ನು ನನ್ನ ಕಿವಿಯಾರೆ ಕೇಳಿದೆ. ಆ ಸದಸ್ಯರು ಕೆಟ್ಟವರಲ್ಲ. ಊರ ಶಾಲೆ ಮುಚ್ಚೀತೆಂಬ ಅವರ ಭಯ ನಿಜವಾದದ್ದೇ. ಅವರಿಗೆ ಉತ್ತರ ಕೊಟ್ಟವರು ಅಡುಗೆಯ ಅಕ್ಕ. "ಬಿಸಿಯೂಟಕ್ಕ ನೂರಾ ಹತ್ತು ಮಂದಿ ಉಣ್ತಾರ. ಇದೊಂದು ಕೂಸು ಉಂಡ್ರ ಯಾರಿಗಿ ಕಡಿಮಿ ಆಗ್ತೈತಿ?" ಎಂದರು. ಸಭೆ ನಕ್ಕಿತು, ಗಾಳಿ ತಿರುಗಿತು.

ಯೋಜನೆಯಲ್ಲಿದ್ದ ಬೆಂಗಾವಲು ಭತ್ಯೆಯನ್ನು ಮಗುವಿನ ಸೋದರತ್ತೆಗೆ ದೊರಕಿಸಿ, ದಿನವೂ ಶಾಲೆಗೆ ಕರೆತರುವ ಹೊಣೆಯನ್ನು ಆಕೆ ಹೊತ್ತರು. ಆರನೆಯ ತರಗತಿಯನ್ನು ಮೆಟ್ಟಿಲಿಲ್ಲದ ಕೋಣೆಗೆ ಬದಲಾಯಿಸಿದರು. ಅದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಶೌಚಾಲಯದ ಸಮಸ್ಯೆ ಬಗೆಹರಿಯಲು ಮಾತ್ರ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಗು ಮಧ್ಯಾಹ್ನದ ಊಟದವರೆಗೆ ಮಾತ್ರ ಇರುತ್ತಿತ್ತು. ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಇದನ್ನು ಯಶಸ್ಸಿನ ಕಥೆಯೆಂದು ನಾನು ವರದಿಯಲ್ಲಿ ಬರೆಯಲಿಲ್ಲ. ಆದರೆ ಮನೆಯ ಬೀಗ ತೆಗೆಯಿತು. ಬರದ ದಿನ 'ಯಾಕೆ ಬರಲಿಲ್ಲ' ಎಂದು ಕೇಳುವ ಗೆಳತಿಯರು ಆ ಮಗುವಿಗೆ ದೊರೆತರು. ಯಾವ ಕಾಯಿದೆಯೂ ಅವರಷ್ಟು ಬೇಗ ಮನೆಯ ಬಾಗಿಲಿಗೆ ಹೋಗಲಾರದು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಅಂಗವಿಕಲ ಮಕ್ಕಳಲ್ಲಿ ಸುಮಾರು 61 ಶೇಕಡಾ ಮಕ್ಕಳು ಶಾಲೆ ಕಾಲೇಜುಗಳಿಗೆ ಹೋಗುತ್ತಿದ್ದರು. ಸುಮಾರು 27 ಶೇಕಡಾ ಮಕ್ಕಳು ಎಂದೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಆ ಬಳಿಕ ಕಾಯಿದೆಗಳು ಬಂದಿವೆ, ಯೋಜನೆಗಳ ಹೆಸರು ಬದಲಾಗಿವೆ. 2018ರಿಂದ ಎಲ್ಲವೂ ಸಮಗ್ರ ಶಿಕ್ಷಣದ ಅಡಿಯಲ್ಲಿ ಸೇರಿವೆ. ಶ್ರವಣ ಸಾಧನ ಕೊಡುವ ಶಿಬಿರಗಳು ನಡೆಯುತ್ತವೆ. ನಾನು ಸುತ್ತಿದ ಹಳ್ಳಿಗಳಲ್ಲಿ, ಬ್ಯಾಟರಿ ಮುಗಿದ ಸಾಧನ ಗೋಡೆಯ ಮೊಳೆಗೆ ನೇತಾಡುತ್ತಿದ್ದ ಮನೆಗಳನ್ನೂ ಕಂಡಿದ್ದೇನೆ. ಅದೇ ಸಾಧನ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತು ಉಕ್ತಲೇಖನ ಬರೆಯುತ್ತಿದ್ದ ಮಕ್ಕಳನ್ನೂ ಕಂಡಿದ್ದೇನೆ. ಎರಡನೆಯದನ್ನು ಕಂಡಾಗಲೆಲ್ಲ ನನಗೆ ಧಾನ್ಯದ ಮಾರುಕಟ್ಟೆ ನೆನಪಾಗುತ್ತಿತ್ತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಕೆಲವರು ಊರಿನ ಪಂಚಾಯಿತಿಯಲ್ಲಿದ್ದೀರಿ. ದೂರದ ಊರುಗಳಲ್ಲಿರುವವರು ಜಾತ್ರೆಗೆ ಬಂದಾಗ ಹಳೆಯ ಶಾಲೆಗೆ ಹೋಗಿ ಪೆನ್ನು, ನೋಟ್‌ಬುಕ್ಕು ಹಂಚುತ್ತೀರಿ. ಒಳ್ಳೆಯದು. ಮುಂದಿನ ಸಲ ಹೋದಾಗ ಹಂಚುವುದಕ್ಕೆ ಮೊದಲು ಹಾಜರಿ ಪುಸ್ತಕವನ್ನು ಕೇಳಿ ನೋಡಿ. ಕೆಂಪು ಗೆರೆ ಬಿದ್ದ ಹೆಸರು ಯಾವುದು, ಆ ಮಗು ಈಗ ಎಲ್ಲಿದೆ ಎಂದು ವಿಚಾರಿಸಿ. ವರ್ಷವಿಡೀ ಹಾಜರಿ ಇದ್ದೂ ತರಗತಿಯಲ್ಲಿ ಕಾಣದ ಮಗು ಇದ್ದರೆ ಅದರ ಮನೆಯ ದಾರಿ ಕೇಳಿ, ಒಂದು ಸಲ ಹೋಗಿಬನ್ನಿ.

ಆ ಎತ್ತರದ ಹುಡುಗ ಈಗಲೂ ಅದೇ ಪೇಟೆಯಲ್ಲಿದ್ದಾನೆ. ಈಗ ಚೀಲ ಹೊರುವುದಿಲ್ಲ. ಚಿಕ್ಕ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷಗಳ ಹಿಂದೆ ಹೋಗಿ ಅವನ ಮುಂದೆ ಕುಳಿತು, ಅಂದು ನಾನು ಮಾಡಿದ್ದು ತಪ್ಪೆಂದು ಹೇಳಿದೆ. ಗಟ್ಟಿಯಾಗಿಯೇ ಹೇಳಬೇಕಾಯಿತು, ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳಿಸಿಕೊಂಡರು. "ಇರ್ಲಿ ಬಿಡ್ರಿ ಸರ್" ಎಂದು ಅವನು ಚಹಾ ತರಿಸಿದ.